ಬಾಲದ ಹತ್ತಿರದ ಖಾಲಿ ಜಾಗ

ನನ್ನ ಚಿಕ್ಕಮ್ಮನದು ಕನ್ನಡಕದ ಅಂಗಡಿ. ನಮ್ಮೂರಿನ ಅರ್ಧ ಜನರ ಮೂಗಿನ ಅಳತೆ ಅವಳಿಗೆ ಬಾಯಿಪಾಠ. ಆದರೆ ಯಾರಾದರೂ ಹೊಸಬರು ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರೆ ಅವಳು ಕನ್ನಡಕದ ಮಾತೇ ಎತ್ತುವುದಿಲ್ಲ. "ಗೊಂಬೆಗಳನ್ನ ಊರಿಂದ ಊರಿಗೆ ಕಳಿಸ್ತೀನಿ" ಎನ್ನುತ್ತಾಳೆ. ಕೇಳಿದವರು ಗಾಬರಿಯಿಂದ ನನ್ನ ಮುಖ ನೋಡುತ್ತಾರೆ. ನಾನು ಹೌದೌದು ಎಂದು ತಲೆಯಾಡಿಸಬೇಕು. ಇಷ್ಟು ವರ್ಷ ತಲೆಯಾಡಿಸಿ ನನಗೆ ಸಾಕಾಗಿ ಹೋಗಿದೆ.

ವಿಷಯ ಇಷ್ಟೇ. ಮಕ್ಕಳ ಸ್ಕೌಟ್ ದಳಗಳಿರುತ್ತವಲ್ಲ, ಒಂದೊಂದು ದಳಕ್ಕೂ ತನ್ನದೇ ಆದ ಒಂದು ಗೊಂಬೆ ಇರುತ್ತದೆ. ಬಟ್ಟೆಯ ಗೂಬೆ, ಉಣ್ಣೆಯ ಕರಡಿ, ಒಂದೇ ಕಿವಿ ಉಳಿದ ಮೊಲ, ಹೀಗೆ ಏನಾದರೊಂದು. ಶಿಬಿರಕ್ಕೆ ಹೊರಟರೆ ಅದೂ ಚೀಲದಲ್ಲಿ ಕೂತು ಹೊರಡುತ್ತದೆ, ಬಾವುಟ ಏರಿಸುವಾಗ ಅದೂ ಸಾಲಿನಲ್ಲಿ ನಿಲ್ಲುತ್ತದೆ. ಒಂದು ದಳದ ಗೊಂಬೆಯನ್ನು ಇನ್ನೊಂದು ಊರಿನ ದಳಕ್ಕೆ ಆರು ವಾರ ನೆಂಟನನ್ನಾಗಿ ಕಳಿಸುವುದು, ಅವರದನ್ನು ಇಲ್ಲಿಗೆ ಕರೆಸಿಕೊಳ್ಳುವುದು, ಆರು ವಾರ ಅದು ಎಲ್ಲೆಲ್ಲಿ ತಿರುಗಿತು, ಯಾರ ಮನೆಯಲ್ಲಿ ಮಲಗಿತು ಎಂದು ಮಕ್ಕಳಿಂದ ಒಂದು ದಿನಚರಿ ಬರೆಸುವುದು, ಆಮೇಲೆ ಗೊಂಬೆಯನ್ನೂ ದಿನಚರಿಯನ್ನೂ ಸುಸೂತ್ರವಾಗಿ ಮನೆ ಸೇರಿಸುವುದು. ಇದು ಚಿಕ್ಕಮ್ಮನ ಉದ್ಯೋಗ. ಸಂಬಳವಿಲ್ಲ, ಪದವಿಯಿಲ್ಲ, ರಜೆಯಂತೂ ಇಲ್ಲವೇ ಇಲ್ಲ. ಒಟ್ಟು ನಲವತ್ತೆರಡು ದಳಗಳು ಅವಳ ಹಳೇ ನೋಟುಬುಕ್ಕಿನಲ್ಲಿ ಸಂಸಾರ ಹೂಡಿಕೊಂಡಿವೆ.

ನಾನು ಬಸ್ ಡಿಪೊದ ಪಾರ್ಸೆಲ್ ಕೌಂಟರಿನಲ್ಲಿ ಇರುವುದರಿಂದ ಈ ನೆಂಟರ ಸವಾರಿಯ ಹೊಣೆ ನನ್ನ ತಲೆಗೇ ಕಟ್ಟಲಾಗಿದೆ. ಪಾರ್ಸೆಲ್ ಚೀಟಿಯಲ್ಲಿ 'ಒಳಗಿರುವ ವಸ್ತು' ಎಂಬಲ್ಲಿ ಅವಳು 'ಅತಿಥಿ' ಎಂದು ಬರೆಯುತ್ತಾಳೆ. ನಮ್ಮ ಮ್ಯಾನೇಜರ್ ಮೊದಮೊದಲು ಕೂಗಾಡಿದರು. ಅತಿಥಿ ಆದರೆ ಟಿಕೆಟ್ ತಗೊಂಡು ಸೀಟಿನಲ್ಲಿ ಕೂತು ಹೋಗಲಿ ಎಂದರು. ಚಿಕ್ಕಮ್ಮ ಮರುದಿನವೇ ಬಂದು ಅವರ ಕಣ್ಣು ಪರೀಕ್ಷೆ ಮಾಡಿ, ಓದುವ ಕನ್ನಡಕ ಹಾಕಿಸಿ ಹೋದಳು. ಆಮೇಲಿಂದ ಅವರು ಆ ಪದವನ್ನು ಚೆನ್ನಾಗಿಯೇ ಓದುತ್ತಾರೆ, ಏನೂ ಹೇಳುವುದಿಲ್ಲ.

ಅಂಗಡಿಯ ಹಿಂದೆ ಕಣ್ಣು ಪರೀಕ್ಷೆಯ ಕೋಣೆ. ಉದ್ದಕ್ಕೆ, ಇಕ್ಕಟ್ಟಾಗಿ ಇದೆ. ಒಂದು ತುದಿಯ ಗೋಡೆಯ ಮೇಲೆ ಅಕ್ಷರಗಳ ಪಟ, ಇನ್ನೊಂದು ತುದಿಯಲ್ಲಿ ಕುರ್ಚಿ, ಪಕ್ಕದ ಗೋಡೆಗೆ ಒಂದು ಮರದ ಹಲಗೆ. ಬಸ್ಸಿಳಿದ ಗೊಂಬೆಗಳು ಮುಂದಿನ ಬಸ್ಸಿಗೆ ಹೊರಡುವ ತನಕ ಎರಡು ಮೂರು ದಿನ ಆ ಹಲಗೆಯ ಮೇಲೆ ಸುಧಾರಿಸಿಕೊಳ್ಳುತ್ತವೆ. ಕಣ್ಣು ತೋರಿಸಲು ಬಂದ ಮಕ್ಕಳು ಕೊನೆಯ ಸಾಲು ಓದಲು ಬಾರದೆ ಹೋದಾಗ "ನಂಗೆ ಕಾಣ್ತಿಲ್ಲ, ಕರಡಿಗೆ ಕಾಣುತ್ತಂತೆ" ಎನ್ನುವುದೂ ಉಂಟು. ಚಿಕ್ಕಪ್ಪ ಮೂಲೆಯಲ್ಲಿ ಯಂತ್ರದ ಮುಂದೆ ಕೂತು ಗಾಜಿನ ಅಂಚು ಉಜ್ಜುತ್ತಿರುತ್ತಾನೆ. "ಈ ಮನೇಲಿ ನನಗಿಂತ ಮೊಲಕ್ಕೆ ಮರ್ಯಾದೆ ಜಾಸ್ತಿ" ಎಂಬುದು ಅವನ ದಿನನಿತ್ಯದ ಮಾತು. ಹಾಗಂದುಕೊಂಡೇ ಮೊಲದ ಕಿತ್ತುಹೋದ ಕಣ್ಣಿಗೆ ಹೊಂದುವ ಗುಂಡಿ ಹುಡುಕಿ ತರುವವನೂ ಅವನೇ.

ಮಧ್ಯಾಹ್ನದ ಪಾಳಿ ಇಲ್ಲದ ದಿನ ನಾನು ಆ ಕೋಣೆಗೆ ಹೋಗಿ ಸುಮ್ಮನೆ ಕೂರುತ್ತೇನೆ. ಮೂರು ಗಂಟೆಯ ಹೊತ್ತಿಗೆ ಬಿಸಿಲು ಕಿಟಕಿಯಲ್ಲಿ ಜೋಡಿಸಿಟ್ಟ ಗಾಜುಗಳ ಮೇಲೆ ಬೀಳುತ್ತದೆ. ಗೋಡೆಯ ಮೇಲೆ, ಅಕ್ಷರಗಳ ಮೇಲೆ, ಗೂಬೆಯ ಹೊಟ್ಟೆಯ ಮೇಲೆ ಚಿಕ್ಕ ಚಿಕ್ಕ ಬೆಳಕಿನ ಬಿಲ್ಲೆಗಳು ತೇಲಾಡುತ್ತವೆ. ಯಂತ್ರದ ಗುಂಯ್ ಎಂಬ ಸದ್ದು. ಚಿಕ್ಕಮ್ಮ ದಿನಚರಿಯೊಂದನ್ನು ಮೆಲ್ಲನೆ ಓದುತ್ತಿರುತ್ತಾಳೆ: ಇಂದು ಗೂಬೆ ದೋಣಿ ಹತ್ತಿತು, ಇಂದು ಗೂಬೆಗೆ ಜ್ವರ, ಇಂದು ಗೂಬೆ ನಮ್ಮ ಅಜ್ಜಿಯ ಪಕ್ಕದಲ್ಲಿ ಮಲಗಿತು, ಅಜ್ಜಿಗೆ ಅದು ಅಂದರೆ ಭಯ. ಕೇಳುತ್ತ ಕೇಳುತ್ತ ನನಗೆ ಜೊಂಪು ಹತ್ತುತ್ತದೆ. ನಾನು ನೋಡದ ನದಿ, ನಾನು ಹತ್ತದ ಗುಡ್ಡ, ಯಾರದೋ ಮನೆಯ ಮೆಟ್ಟಿಲು ಎಲ್ಲ ಆ ಅರೆನಿದ್ದೆಯಲ್ಲಿ ಬಂದು ಹೋಗುತ್ತವೆ. ಚಿಕ್ಕಮ್ಮನಿಗೂ ಹಾಗೇ ಆಗುತ್ತದಂತೆ. ಬಸ್ಸಿನ ಹೊಗೆ ಕಂಡರೆ ಹೊಟ್ಟೆ ತೊಳಸುವ ಅವಳು ಊರು ಬಿಟ್ಟು ಹೋಗಿದ್ದು ಬೆರಳೆಣಿಕೆಯಷ್ಟು ಸಲ. ಆದರೆ ನಲವತ್ತೆರಡು ಊರಿನ ಬೀದಿಗಳ ತಿರುವು ಅವಳಿಗೆ ಗೊತ್ತು.

ಇಂಥವಳು ಮಾಡಿದ ಒಂದು ತಪ್ಪಿನ ಕಥೆ ಇದು. ಅವಳೇ ಬರೆಯಲು ಹೇಳಿದ್ದು. ಮುಚ್ಚಿಟ್ಟುಕೊಂಡು ಕೂರುವ ಜಾಯಮಾನ ಅವಳದಲ್ಲ.

ಐದು ವರ್ಷದ ಹಿಂದೆ, ನದಿಗೆ ದೊಡ್ಡ ಸೇತುವೆ ಕಟ್ಟುತ್ತಿದ್ದ ಕೆಲಸಗಾರರ ಕ್ಯಾಂಪಿನಿಂದ ಒಂದು ಬಟ್ಟೆಯ ಆಮೆ ಬಂತು. ಊಟದ ತಟ್ಟೆಯಷ್ಟು ಅಗಲ. ಬೆನ್ನಿಗೆ ಹಸಿರು ಬಟ್ಟೆ, ಹೊಟ್ಟೆಗೆ ಹಳೇ ಬಿಳೀ ಹೊದಿಕೆಯ ತುಂಡು. ಬೆನ್ನಿನ ಅಂಚಿನ ಸುತ್ತ ಕೆಂಪು ದಾರದ ಬಿಡಿ ಬಿಡಿ ಹೊಲಿಗೆಗಳು. ಹೊಟ್ಟೆಯ ತುಂಬ ಪೆನ್ನಿನ ಗೆರೆಗಳು, ಮಸಿ, ಬೆರಳಿನ ಕೊಳೆ. ಕ್ಯಾಂಪಿನ ದವಾಖಾನೆಯ ನರ್ಸಮ್ಮ ಅಲ್ಲಿನ ದಳ ನಡೆಸುತ್ತಿದ್ದರು. ಅವರ ಮಕ್ಕಳಿಗೆ ಇದು ಮೊದಲ ವಿನಿಮಯ.

ಗೊಂಬೆ ಹೊರಡುವ ಮುಂಚೆ ಅದರ ಚಹರೆಯನ್ನು ಒಂದು ಚೀಟಿಯಲ್ಲಿ ಬರೆದು ಕೊರಳಿಗೆ ಕಟ್ಟುವುದು ಚಿಕ್ಕಮ್ಮನ ಪದ್ಧತಿ. ದಾರಿಯಲ್ಲಿ ಅದಲುಬದಲಾಗಬಾರದಲ್ಲ. ಆಮೆಯ ಚೀಟಿಯಲ್ಲಿ ಅವಳು ಬರೆದಳು: "ಹಸಿರು ಆಮೆ. ಅಂಚಿಗೆ ಕೆಂಪು ಹೊಲಿಗೆ. ಹೊಟ್ಟೆಯ ಮೇಲೆ ಗೀಚು, ಕೊಳೆ. ಸಾಧ್ಯವಾದರೆ ತೊಳೆದು ಕಳಿಸಿ." ಅದಕ್ಕೆ ಹಿಂದಿನ ತಿಂಗಳು ನರಿಯೊಂದು ಇರುವೆ ಸಮೇತ ಮನೆಗೆ ಮರಳಿ ದೊಡ್ಡ ರಾದ್ಧಾಂತ ಆಗಿತ್ತು. ಹಾಗಾಗಿ ನೆಂಟರನ್ನು ಶುಚಿಯಾಗಿ ಕಳಿಸಬೇಕೆಂದು ಅವಳು ಹೊಸದಾಗಿ ನಿಯಮ ಮಾಡಿಕೊಂಡಿದ್ದಳು. ಚೀಟಿಯ ದಾರಕ್ಕೆ ಗಂಟು ಹಾಕಿದವಳು ನಾನು.

ಆರು ವಾರಕ್ಕೆ ಆಮೆ ಮರಳಿತು. ಚಿಕ್ಕಮ್ಮ ದಿನಚರಿಯ ಹತ್ತೊಂಬತ್ತನೇ ದಿನವನ್ನು ನಗುನಗುತ್ತ ಓದಿದಳು. 'ಆಮೆಯ ಸ್ನಾನ' ಎಂಬ ಶೀರ್ಷಿಕೆ, ನಾಲ್ಕು ಪುಟ, ಚಿತ್ರಗಳು ಬೇರೆ. ಹನ್ನೆರಡು ಮಕ್ಕಳು ಸರದಿಯಂತೆ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದರಂತೆ. ಒಬ್ಬಳ ಅಮ್ಮ ಕಲೆ ತೆಗೆಯುವ ಪುಡಿ ಕೊಟ್ಟರಂತೆ. ತಂತಿಯ ಮೇಲೆ ಎರಡು ಕ್ಲಿಪ್ಪು ಹಾಕಿ ಒಣಹಾಕಿ, ಕಾಗೆ ಬರದ ಹಾಗೆ ಇಬ್ಬರು ಕಾವಲು ನಿಂತರಂತೆ. ಕೊನೆಗೆ ದುಂಡಗಿನ ಅಕ್ಷರದಲ್ಲಿ: "ಈಗ ಆಮೆಯ ಹೊಟ್ಟೆ ಹೊಸದರ ಹಾಗೆ ಆಗಿದೆ. ಅದರ ಊರಿನವರಿಗೆ ತುಂಬಾ ಖುಷಿಯಾಗುತ್ತದೆ."

ಮರುದಿನ ನರ್ಸಮ್ಮನ ಕಾಗದ ಬಂತು. ಬರುವ ಭಾನುವಾರ ಇಬ್ಬರು ಮಕ್ಕಳು ಕ್ಯಾಂಪು ಬಿಟ್ಟು ಹೋಗುತ್ತಿದ್ದಾರೆ, ಅಷ್ಟರೊಳಗೆ ಆಮೆ ತಲುಪಲಿ ಎಂದು ಕೇಳಿದ್ದರು. ಅವರ ದಳದಲ್ಲಿ ಯಾವ ಮಗುವೂ ಬಹಳ ದಿನ ನಿಲ್ಲುವುದಿಲ್ಲ. ಅಪ್ಪ ಅಮ್ಮನ ಕೆಲಸ ಮುಗಿದ ಕೂಡಲೇ ಗಂಟು ಮೂಟೆ ಕಟ್ಟಬೇಕು. ಹಾಗೆ ಹೋಗುವ ಮಗು ಆಮೆಯ ಹೊಟ್ಟೆಯ ಮೇಲೆ ತನ್ನ ಗುರುತೊಂದನ್ನು ಬರೆದು ಹೋಗುತ್ತದೆ. ಹೆಸರಲ್ಲ; ಚಮಚ, ಮೀನು, ಗಾಳಿಪಟ, ಏನಾದರೂ ತನ್ನದೇ ಒಂದು. ನರ್ಸಮ್ಮ ಬೆನ್ನಿನ ಅಂಚಿಗೆ ಒಂದು ಕೆಂಪು ಹೊಲಿಗೆ ಹಾಕುತ್ತಾರೆ. "ಒಟ್ಟು ಮೂವತ್ತೊಂದು ಮಕ್ಕಳು ಅದರ ಮೇಲಿದ್ದಾರೆ. ಉಳಿದವರು ವಾರವಾರ ಅದನ್ನು ಮಗುಚಿ ನೋಡುತ್ತಾರೆ" ಎಂದು ಬರೆದಿದ್ದರು.

ಚಿಕ್ಕಮ್ಮ ಕಾಗದವನ್ನು ಎರಡು ಸಲ ಓದಿ ಆಮೆಯನ್ನು ಮಗುಚಿದಳು. ಬೆಳ್ಳಗಿತ್ತು. ದಪ್ಪ ಭೂತಗನ್ನಡಿ ಹಿಡಿದಳು, ಏನೂ ಇಲ್ಲ. ಬಿಸಿಲಿಗೆ ಕಪ್ಪಾಗುವ ಗಾಜನ್ನು ಪರೀಕ್ಷಿಸಿ ಗಿರಾಕಿಗಳಿಗೆ ತೋರಿಸಲು ಚಿಕ್ಕಪ್ಪನ ಹತ್ತಿರ ಒಂದು ನೇರಳೆ ದೀಪವಿತ್ತು. ಅಳಿಸಿದ ಶಾಯಿ ಅದರಲ್ಲಿ ಕಾಣುತ್ತದೆಂದು ಎಲ್ಲೋ ಕೇಳಿದ್ದ ಅವನು ಕಿಟಕಿ ಮುಚ್ಚಿ ದೀಪ ಹಾಕಿದ. ಕತ್ತಲಾದ ಕೋಣೆಯಲ್ಲಿ ಆಮೆಯ ಹೊಟ್ಟೆ ಇಡೀಯಾಗಿ ನೀಲಿಗಟ್ಟಿ ಬೆಳಗಿತು. ಅಷ್ಟು ಚೆಂದದ ಬೆಳಕನ್ನು ನಾನು ಆ ಕೋಣೆಯಲ್ಲಿ ಎಂದೂ ಕಂಡಿರಲಿಲ್ಲ. ಮೂವರೂ ಬಗ್ಗಿ ನೋಡಿದೆವು. ಒಂದು ಗೆರೆಯೂ ಇರಲಿಲ್ಲ.

"ಇದು ಸೋಪಿನ ಹೊಳಪು ಕಣೇ" ಎಂದು ಚಿಕ್ಕಪ್ಪ ದೀಪ ಆರಿಸಿದ.

ನನಗೆ ಅವಳ ಮುಖ ನೋಡಲಾಗಲಿಲ್ಲ. "ಒಂದು ಕೆಲಸ ಮಾಡೋಣ ಚಿಕ್ಕಮ್ಮ. ಬಸ್ಸಿನ ಮೇಲೆ ಮಳೇಲಿ ನೆಂದು ಹಾಳಾಯ್ತು ಅಂತ ನಾನೇ ಬರೆದು ಕೊಡ್ತೀನಿ. ಬೇಕಾದ್ರೆ ಡಿಪೊ ಸೀಲೂ ಹಾಕ್ತೀನಿ."

"ಮಳೆ ಬಂದು ತಿಂಗಳಾಯ್ತು."

"ಹಾಗಾದ್ರೆ ಆ ತೊಳೆದ ದಳದವರದೇ ತಪ್ಪು ಅನ್ನು."

"ಚೀಟಿ ಯಾರ ಅಕ್ಷರದಲ್ಲಿದೆ?" ಎಂದು ಅವಳು ನನ್ನ ಮೇಲೆ ರೇಗಿದಳು. "ಆ ಮಕ್ಕಳು ನಾನು ಹೇಳಿದ್ದನ್ನ ಮಾಡಿವೆ, ಪಾಪ. ಮೂರು ದಿನ ಅದು ನನ್ನ ಕಣ್ಣೆದುರಿಗಿತ್ತು. ಒಂದ್ಸಲ ಸರಿಯಾಗಿ ನೋಡಿದ್ರೆ ಚಮಚ ಚಮಚದ ಹಾಗೆ ಕಾಣಿಸ್ತಿರಲಿಲ್ವಾ? ಗೀಚು ಅಂತ ಬರೆದುಬಿಟ್ಟೆ." ಹಾಗಂದು ಕುರ್ಚಿಯಲ್ಲಿ ಕುಸಿದು ಅತ್ತಳು. ಚಿಕ್ಕಮ್ಮ ಅತ್ತಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅವಳಿಗೆ ಆವತ್ತಿನಿಂದ ಬೇಕಾಗಿದ್ದು ಒಂದೇ: ಆ ಮೂವತ್ತೊಂದು ಮಕ್ಕಳ ಗುರುತುಗಳೂ ಮತ್ತೆ ಆಮೆಯ ಮೇಲೆ ಬರಬೇಕು.

ಭಾನುವಾರ ಅವಳು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಸ್ಸಿನಲ್ಲಿ ಕೂತಳು. ಪಕ್ಕದಲ್ಲಿ ನಾನು, ತೊಡೆಯ ಮೇಲೆ ಆಮೆ. ಕ್ಯಾಂಪು ಎಂದರೆ ತಗಡಿನ ಮನೆಗಳ ಆರು ಸಾಲು, ನಡುವೆ ಜಲ್ಲಿ ಹರಡಿದ ಅಂಗಳ, ಆಚೆಗೆ ನೀರಿನಲ್ಲಿ ನಿಂತ ಅರ್ಧ ಸೇತುವೆ. ಹದಿನಾಲ್ಕು ಮಕ್ಕಳು ಸಾಲಾಗಿ ನಿಂತಿದ್ದವು. ಚಿಕ್ಕಮ್ಮ ಪೀಠಿಕೆಯಿಲ್ಲದೆ, ಗೊತ್ತಿಲ್ಲದೆ ನಾನೇ ತೊಳೆಯಲು ಹೇಳಿದೆ, ಎಲ್ಲ ಹೋಯಿತು ಎಂದಳು. ಮುಂದಿನ ಹಲ್ಲು ಬಿದ್ದ ಒಬ್ಬ ಹುಡುಗಿ ಆಮೆಯನ್ನು ಮಗುಚಿ, ಕೈಯಾಡಿಸಿ, "ತುಂಬಾ ಬಿಳಿ" ಎಂದಳು.

ಆಮೇಲೆ ಅವಳೇ ಬೆರಳಿಟ್ಟು, "ಇಲ್ಲಿ ಚಮಚ ಇತ್ತು. ಅಡುಗೆಯವರ ಮಗಂದು" ಎಂದಳು. ಇನ್ನೊಬ್ಬ ನುಗ್ಗಿ ಬಂದು, "ಅದರ ಪಕ್ಕ ಚಕ್ರದ ಮೀನು. ಕ್ರೇನ್ ಓಡಿಸೋರ ಮಗಳದ್ದು. ಮೀನಿಗೆ ಯಾಕೆ ಚಕ್ರ ಅಂದ್ರೆ, ಅದೂ ಊರೂರು ಸುತ್ತುತ್ತೆ ಅಂತಿದ್ಲು" ಎಂದ. ಒಬ್ಬರ ಮೇಲೊಬ್ಬರು ಬಿದ್ದು ಹೇಳತೊಡಗಿದರು. ಅಲ್ಲ ಅದು ಎಡಗಡೆ, ಅಲ್ಲ ಅದಕ್ಕೆ ಮೀಸೆ ಇತ್ತು ಎಂದು ಜಗಳವೂ ಆಯಿತು. ಆ ಹೊತ್ತು ನನಗೆ ಆ ಜಲ್ಲಿಯ ಅಂಗಳದಲ್ಲಿ, ಹೋದ ಮಕ್ಕಳೆಲ್ಲ ಬಂದು ಇವರ ಹಿಂದೆ ಇಣುಕಿ ನಿಂತ ಹಾಗೆ ಅನಿಸಿತು. ಸಂಜೆಯೊಳಗೆ ಇಪ್ಪತ್ತೆರಡು ಗುರುತುಗಳು ಮತ್ತೆ ಬಂದವು. ವಿಳಾಸ ಇದ್ದವರಿಗೆಲ್ಲ ನರ್ಸಮ್ಮ ಕಾಗದ ಬರೆದರು. ಎರಡು ತಿಂಗಳಲ್ಲಿ ಇನ್ನೂ ಎಂಟು ಬಂದವು.

ಆ ಭಾನುವಾರ ಹೊರಟ ಇಬ್ಬರದನ್ನು ಬಿಟ್ಟರೆ, ಮೂವತ್ತು. ಹಳೇ ಕೆಂಪು ಹೊಲಿಗೆಗಳು ಮಾತ್ರ ಮೂವತ್ತೊಂದು. ಚಿಕ್ಕಮ್ಮ ಒಂಬತ್ತು ಸಲ ಎಣಿಸಿದಳು.

ಆ ಒಂದು ಯಾರದೆಂದು ಕೊನೆಗೆ ನರ್ಸಮ್ಮನೇ ಹೇಳಿದರು. ನಾವು ಮತ್ತೊಮ್ಮೆ ಕ್ಯಾಂಪಿಗೆ ಹೋದಾಗ ಮೂರು ಜನ ಕೂತಿದ್ದೆವು, ದವಾಖಾನೆಯ ಬೆಂಚಿನ ಮೇಲೆ. "ಒಂದು ಹೆಣ್ಣುಮಗು ಬರ್ತಿತ್ತು. ದೊಡ್ಡವರ ಸ್ವೆಟರ್ ಹಾಕ್ಕೊಂಡು, ಕೈ ಎರಡೂ ಒಳಗೇ ಇರ್ತಿತ್ತು. ಆರೇ ವಾರ. ದಳಕ್ಕೂ ಸೇರಿರಲಿಲ್ಲ, ಸುಮ್ನೆ ಮೂಲೇಲಿ ಕೂತು ನೋಡ್ತಿತ್ತು. ಹೋಗೋ ದಿನ ತಾನೇ ಬಂದು ಪೆನ್ನು ಕೇಳಿತು. ಬಾಲದ ಹತ್ರ, ಯಾರೂ ಬರೆಯದ ಜಾಗದಲ್ಲಿ ಬರೀತು."

"ಹೆಸರೇನು?" ಎಂದಳು ಚಿಕ್ಕಮ್ಮ.

ನರ್ಸಮ್ಮ ಸೆರಗಿನ ತುದಿಯನ್ನು ಸುತ್ತುತ್ತ ಕೂತರು. "ಕೇಳಿದ್ದೆ ಅಕ್ಕ. ತೀರಾ ಮೆತ್ತಗೆ ಹೇಳಿತು, ಕೇಳಿಸ್ಲಿಲ್ಲ. ಇನ್ನೊಂದ್ಸಲ ಕೇಳೋಕೆ ಮುಜುಗರ ಆಯ್ತು. ಆಮೇಲೆ ಕೇಳೋಣ ಅಂದ್ಕೊಂಡೆ." ಅವರ ಕಣ್ಣು ತುಂಬಿ ಬಂತು. ಊರೆಲ್ಲರ ಗಾಯಕ್ಕೆ ಮುಲಾಮು ಹಚ್ಚುವ ಹೆಂಗಸು ಅದು.

ಹಲ್ಲು ಬಿದ್ದ ಹುಡುಗಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. "ಏನಾದ್ರೂ ಒಂದು ಬರೆದುಬಿಡಿ ಆಂಟಿ. ಹೂವು ಬರೀರಿ. ಯಾರಿಗೆ ಗೊತ್ತಾಗುತ್ತೆ?" ಎಂದಳು. ನನಗೂ ಅದೇ ಸರಿ ಎನಿಸಿತ್ತು.

"ಬೇಡ ಮರಿ" ಎಂದಳು ಚಿಕ್ಕಮ್ಮ. "ಅವಳೇ ಬಂದು ಬರೀಲಿ. ಅಲ್ಲೀವರೆಗೂ ಖಾಲಿ ಇರಲಿ."

ಅಲ್ಲಿಂದ ಶುರುವಾಯಿತು ಆಮೆಯ ನಿಜವಾದ ಪ್ರಯಾಣ. ಸೇತುವೆ ಕಟ್ಟುವವರು ಇನ್ನೊಂದು ಸೇತುವೆಗೇ ಹೋಗುತ್ತಾರೆ ಎಂಬುದು ಚಿಕ್ಕಮ್ಮನ ಲೆಕ್ಕಾಚಾರ. ಎಲ್ಲೆಲ್ಲಿ ಸೇತುವೆಯ ಕೆಲಸ ನಡೆದಿದೆಯೋ ಅಲ್ಲಿ ಬಸ್ಸುಗಳು ಸುತ್ತು ಹಾಕಿ ಹೋಗಬೇಕು. ಆ ಮಾರ್ಗ ಬದಲಾವಣೆಯ ನೋಟಿಸು ಮೊದಲು ಬರುವುದು ನಮ್ಮ ಡಿಪೊಗೆ. ನಾನು ನೋಟಿಸು ಕಂಡ ತಕ್ಷಣ ಅವಳಿಗೆ ತಿಳಿಸುತ್ತಿದ್ದೆ. ಅವಳು ಆ ಊರಿನ ದಳ ಯಾವುದೆಂದು ಪತ್ತೆ ಹಚ್ಚಿ, ಕಾಗದ ಬರೆದು, ಆಮೆಯನ್ನು ನೆಂಟನಾಗಿ ಕಳಿಸುತ್ತಿದ್ದಳು. ಕೊರಳಿನ ಚೀಟಿ ಬದಲಾಗಿತ್ತು: "ತೊಳೆಯಬೇಡಿ. ಬಾಲದ ಹತ್ತಿರದ ಜಾಗ ಒಂದು ಹುಡುಗಿಯದು. ಅಲ್ಲಿ ಯಾರೂ ಬರೆಯಬೇಡಿ. ಅವಳು ಕಂಡರೆ ನಮಗೆ ತಿಳಿಸಿ."

ನಾಲ್ಕು ವರ್ಷ. ಹನ್ನೊಂದು ಊರು. ಪ್ರತಿ ದಿನಚರಿಯ ಕೊನೆಗೂ ಒಂದೇ ಸಾಲು, ಯಾರೂ ಗುರುತಿಸಲಿಲ್ಲ ಎಂದು. ಆ ದಿನಗಳಲ್ಲಿ ಚಿಕ್ಕಮ್ಮನಿಗೆ ಒಂದೇ ಕನಸು ಬೀಳುತ್ತಿತ್ತಂತೆ. ಆಮೆ ರಸ್ತೆಯ ಅಂಚು ಹಿಡಿದು ತಾನೇ ನಡೆಯುತ್ತಿರುತ್ತದೆ. ಹಗಲು, ಬಿಸಿಲು, ಊರೆಲ್ಲ ಖಾಲಿ. ಒಂದೊಂದು ತಗಡಿನ ಬಾಗಿಲ ಮುಂದೆಯೂ ನಿಂತು ಕತ್ತು ಎತ್ತುತ್ತದೆ. ಬಾಗಿಲು ತೆರೆದವರು ಇಲ್ಲ ಎಂದು ತಲೆಯಾಡಿಸುತ್ತಾರೆ. ಅದು ಸರಿ ಎಂಬಂತೆ ಮುಂದಿನ ಬಾಗಿಲಿಗೆ ಹೋಗುತ್ತದೆ. ಅವಸರವೇ ಇಲ್ಲ ಅದಕ್ಕೆ ಎನ್ನುತ್ತಿದ್ದಳು. ಕನಸು ಹೇಳುವಾಗ ಅವಳ ದನಿ ಎಷ್ಟು ತಣ್ಣಗಿರುತ್ತಿತ್ತೆಂದರೆ, ಯಂತ್ರ ನಿಲ್ಲಿಸಿ ಚಿಕ್ಕಪ್ಪನೂ ಕೇಳುತ್ತಿದ್ದ.

ಈ ನಡುವೆ ನದಿಯ ಸೇತುವೆ ಮುಗಿಯಿತು. ಕ್ಯಾಂಪು ಖಾಲಿಯಾಯಿತು. ಉಳಿದಿದ್ದ ಮಕ್ಕಳೆಲ್ಲ ಒಂದೇ ವಾರದಲ್ಲಿ ಗುರುತು ಬರೆದು ಹೋದರು. ನರ್ಸಮ್ಮ ಕೊನೆಯ ಹೊಲಿಗೆ ಹಾಕಿ, ಆಮೆಯನ್ನು ಅಂಗಡಿಗೆ ತಂದು ಕೊಟ್ಟು, ತಮ್ಮ ಹೊಸ ಫೋನ್ ನಂಬರು ಬರೆದಿಟ್ಟು ಹೋದರು. ಆಮೆಗೆ ಈಗ ದಳವೇ ಇರಲಿಲ್ಲ. ಹೊಟ್ಟೆಯ ತುಂಬ ಗುರುತುಗಳು, ಬಾಲದ ಹತ್ತಿರ ಮಾತ್ರ ಒಂದು ರೂಪಾಯಿ ನಾಣ್ಯದಷ್ಟು ಬಿಳಿ.

ಕಳೆದ ವರ್ಷ ಹನ್ನೆರಡನೇ ಊರಿನ ದಳದ ಮುಖ್ಯಸ್ಥರು, ಒಬ್ಬ ಡ್ರಾಯಿಂಗ್ ಮೇಷ್ಟ್ರು, ದಿನಚರಿ ಮುಗಿಯುವ ಮೊದಲೇ ಫೋನ್ ಮಾಡಿದರು. ಅವರ ದಳಕ್ಕೆ ಒಬ್ಬ ಹುಡುಗಿ ಬರುತ್ತಾಳೆ, ಹದಿನಾಲ್ಕು ಇರಬಹುದು, ಮಾತು ಕಡಿಮೆ. ಎಲ್ಲರೂ ಆಮೆ ನೋಡಿ ಮುಗಿದ ಮೇಲೆ ಒಬ್ಬಳೇ ಬಂದು ಮಗುಚಿ ನೋಡಿದಳು. ಬಾಲದ ಹತ್ತಿರ ಬೆರಳಿಟ್ಟುಕೊಂಡು ಬಹಳ ಹೊತ್ತು ನಿಂತಳು. ಆಮೇಲೆ ಬಂದು ಮೇಷ್ಟ್ರನ್ನು ಒಂದೇ ಮಾತು ಕೇಳಿದಳು.

"ಏನಂತ?" ಎಂದಳು ಚಿಕ್ಕಮ್ಮ.

"'ಎಲ್ಲರದ್ದೂ ಇದೆ. ನನ್ನದು ಮಾತ್ರ ಯಾಕೆ ಅಳಿಸಿದ್ರು?' ಅಂದ್ಲು. ಚೀಟಿ ತೋರಿಸಿದೆ. ಓದಿದ್ಲು. ನಂಬಿದ ಹಾಗೆ ಕಾಣಲಿಲ್ಲ."

ನಾಲ್ಕು ವರ್ಷ ಜೋಪಾನವಾಗಿ ಕಾಯ್ದಿಟ್ಟ ಆ ಬಿಳಿ ಜಾಗ ಆ ಹುಡುಗಿಗೆ ಹೀಗೆ ಕಾಣಬಹುದೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಚಿಕ್ಕಮ್ಮ ಫೋನ್ ಇಟ್ಟು, ಗಿರಾಕಿಯೊಬ್ಬರ ಒಂದು ಕಣ್ಣಿನ ಪರೀಕ್ಷೆ ಮುಗಿಸಿ, ಇನ್ನೊಂದು ಕಣ್ಣಿಗೆ ನಾಡಿದ್ದು ಬನ್ನಿ ಎಂದು ಹೇಳಿ ಬಾಗಿಲು ಎಳೆದಳು. ಏಳು ಗಂಟೆಯ ಪ್ರಯಾಣ. ದಾರಿಯಲ್ಲಿ ಮೂರು ಸಲ ವಾಂತಿ ಮಾಡಿದಳು. ವಾಪಸ್ ಹೋಗೋಣ ಎಂದು ನಾನು ಬಾಯಿ ತೆರೆದರೆ ಕೈ ಅಡ್ಡ ಹಿಡಿದಳು.

ಶಾಲೆಯ ಅಂಗಳದ ಮರದ ಕಟ್ಟೆಯ ಮೇಲೆ ಹುಡುಗಿ ಕೂತಿದ್ದಳು. ಸ್ವೆಟರ್ ಇರಲಿಲ್ಲ. ಎತ್ತರ ಬೆಳೆದಿದ್ದಳು. ಚಿಕ್ಕಮ್ಮ ಪಕ್ಕದಲ್ಲಿ ಕೂತು ಆಮೆಯನ್ನು ಇಬ್ಬರ ನಡುವೆ ಇಟ್ಟಳು.

"ಅಳಿಸಿದ್ದು ನಾನೇ ಮರಿ. ನಿಂದು ಮಾತ್ರ ಅಲ್ಲ, ಎಲ್ಲರದ್ದೂ. ತಿಳೀದೆ ತೊಳೆಸಿಬಿಟ್ಟೆ. ಉಳಿದೋರದ್ದನ್ನ ಕ್ಯಾಂಪಿನ ಮಕ್ಕಳು ನೆನಪು ಮಾಡ್ಕೊಂಡು ಬರೆದ್ರು. ನಿಂದು ಯಾರಿಗೂ ನೆನಪಿರಲಿಲ್ಲ. ಸುಳ್ಳು ಹೇಳಲ್ಲ. ಅದಕ್ಕೇ ಹುಡುಕ್ತಾ ಇದ್ವಿ."

ನಾನು ಮುಖ ಬೇರೆ ಕಡೆ ತಿರುಗಿಸಿದೆ. ಇಷ್ಟು ಬಿಚ್ಚಿ ಹೇಳಬೇಕಿತ್ತೇ ಎಂದು ಸಿಟ್ಟೂ ಬಂತು.

ಹುಡುಗಿ ಆಮೆಯ ಅಂಚಿನ ಹೊಲಿಗೆಗಳ ಮೇಲೆ ಬೆರಳು ಓಡಿಸಿದಳು. "ಎಷ್ಟು ದಿನ ಹುಡುಕಿದ್ರಿ?"

"ನಾಲ್ಕು ವರ್ಷ. ಹನ್ನೆರಡು ಊರು."

"ನನ್ನನ್ನಾ?"

"ನಿನ್ನನ್ನೇ."

ಚಿಕ್ಕಮ್ಮ ಪೆನ್ನು ತೆಗೆದು ಮುಂದೆ ಹಿಡಿದಳು. ಹುಡುಗಿ ತೆಗೆದುಕೊಂಡು, ಮುಚ್ಚಳ ಬಿಚ್ಚಿ, ಯೋಚಿಸಿ, ಮತ್ತೆ ಮುಚ್ಚಿ ವಾಪಸ್ ಕೊಟ್ಟಳು. "ಹೋಗೋರು ತಾನೇ ಬರೆಯೋದು? ಅಪ್ಪಂಗೆ ಇಲ್ಲೇ ಕೆಲಸ ಖಾಯಂ ಆಯ್ತು. ನಾನೀಗ ಎಲ್ಲೂ ಹೋಗಲ್ಲ" ಎಂದಳು. ಚಿಕ್ಕಮ್ಮ ಪೆನ್ನನ್ನು ಚೀಲಕ್ಕೆ ಹಾಕಿಕೊಂಡಳು. ಆಮೆಯನ್ನು ಮಾತ್ರ ವಾಪಸ್ ಎತ್ತಿಕೊಳ್ಳಲಿಲ್ಲ, ಹುಡುಗಿಯ ತೊಡೆಯ ಮೇಲೆ ಸರಿಸಿದಳು. ಅದಕ್ಕೂ ದಳ ಬೇಕಾಗಿತ್ತು.

ಹೊರಡುವ ಹೊತ್ತಿಗೆ ಚಿಕ್ಕಮ್ಮ ನಿಂತು, "ನಿನ್ನ ಹೆಸರೇನಮ್ಮ?" ಎಂದಳು.

ಹುಡುಗಿ ಏನೋ ಅಂದಳು. ಅಂಗಳದಲ್ಲಿ ಮಕ್ಕಳ ಗಲಾಟೆ, ನಮಗೆ ಕೇಳಿಸಲಿಲ್ಲ. ನಾನು ಆಯ್ತಾಯ್ತು ಎಂಬಂತೆ ನಕ್ಕು ತಲೆಯಾಡಿಸಿಬಿಟ್ಟೆ. ಚಿಕ್ಕಮ್ಮ ನನ್ನ ಕೈ ಸರಿಸಿ ಅವಳ ಹತ್ತಿರಕ್ಕೇ ಹೋದಳು.

"ಕೇಳಿಸ್ಲಿಲ್ಲ ಮರಿ. ಇನ್ನೊಂದ್ಸಲ ಹೇಳು."

ಹೇಳಿದಳು. ಆಗಲೂ ಕೇಳಿಸಲಿಲ್ಲ.

"ಇನ್ನೊಂದ್ಸಲ."

ಮೂರನೇ ಸಲ ಹುಡುಗಿ ತಲೆಯೆತ್ತಿ, ಆ ತುದಿಯಲ್ಲಿ ಆಡುತ್ತಿದ್ದ ಮಕ್ಕಳೂ ತಿರುಗಿ ನೋಡುವಷ್ಟು ಜೋರಾಗಿ ತನ್ನ ಹೆಸರು ಹೇಳಿದಳು. ಚಿಕ್ಕಮ್ಮ ಅಲ್ಲೇ ನಿಂತು ನರ್ಸಮ್ಮನಿಗೆ ಫೋನ್ ಹಚ್ಚಿದಳು.